ಮೇ 21, ಸಿಸ್ಟರ್ ಲಿನಿ ನೆನಪಿನ ದಿನ: ಕ್ಯಾಶುವಾಲಿಟಿಯಲ್ಲಿ ಒಂದು ಗಂಟೆ ಸಿಕ್ಕರೆ ಏನು ಮಾಡಬೇಕು?

ಪ್ರಶ್ನೆ: ಗಡಿ_ಕ್ಯಾಶುವಾಲಿಟಿ

ಎಲ್ಲರಿಗೂ ನಮಸ್ಕಾರ. ಕೇರಳದ ಗಡಿಗೆ ಹತ್ತಿರವಿರುವ ತಾಲ್ಲೂಕು ಆಸ್ಪತ್ರೆಯೊಂದರ ಕ್ಯಾಶುವಾಲಿಟಿಯಿಂದ ಕೇಳುತ್ತಿದ್ದೇನೆ. ಮೇ 21 ಸಿಸ್ಟರ್ ಲಿನಿ ಪುದುಶ್ಶೇರಿ ತೀರಿಕೊಂಡ ದಿನ. ನರ್ಸ್ ಆಗಿದ್ದ ಅವರು 2018ರಲ್ಲಿ ಕೇರಳದ ಪೇರಾಂಬ್ರ ತಾಲ್ಲೂಕು ಆಸ್ಪತ್ರೆಯಲ್ಲಿ ಜ್ವರದ ರೋಗಿಯೊಬ್ಬರ ಆರೈಕೆ ಮಾಡಿದರು, ಆ ರೋಗಿಯಿಂದ ನಿಪಾ ವೈರಸ್ ತಗುಲಿ ಚಿಕ್ಕ ವಯಸ್ಸಿಗೇ ಹೋದರು. ಈ ಸಲ ಆ ದಿನ ಒಂದು ಗಂಟೆಯನ್ನು ಅವರಿಗಾಗಿ ಎತ್ತಿಡೋಣ ಅಂತ ಎಲ್ಲರೂ ಸೇರಿ ತೀರ್ಮಾನಿಸಿದ್ದೇವೆ. ಫೋಟೊಗೆ ಹಾರ ಹಾಕಿ, ಎರಡು ನಿಮಿಷ ಮೌನವಾಗಿ ನಿಂತು ಚದುರುವುದು ಯಾರಿಗೂ ಸಾಲದು ಅನ್ನಿಸಿದೆ. ಅವರು ನಿಂತಿದ್ದ ಜಾಗದಲ್ಲಿ ದಿನವೂ ನಿಲ್ಲುವ ನಮ್ಮವರ ಕೈಗೆ ಏನಾದರೂ ಹತ್ತಬೇಕು.

ಸಮಯ ಮಧ್ಯಾಹ್ನ 1.30ರಿಂದ 2.30, ಶಿಫ್ಟ್ ಬದಲಾಗುವ ಹೊತ್ತು. ಸುಮಾರು 12 ಮಂದಿ ಇರುತ್ತೇವೆ: ಶುಶ್ರೂಷಾಧಿಕಾರಿಗಳು, ಗ್ರೂಪ್ ಡಿ, ಒಬ್ಬರು ಲ್ಯಾಬ್ ಟೆಕ್ನೀಷಿಯನ್, 108 ಆಂಬುಲೆನ್ಸಿನ ಇಎಂಟಿ (ತುರ್ತು ಆರೈಕೆ ಸಿಬ್ಬಂದಿ) ಮತ್ತು ಪೈಲಟ್ (ಚಾಲಕ). ಅರ್ಧಕ್ಕಿಂತ ಹೆಚ್ಚು ಜನ ಗುತ್ತಿಗೆ ಅಥವಾ ಹೊರಗುತ್ತಿಗೆಯವರು. ಪ್ರತ್ಯೇಕ ಐಸೊಲೇಷನ್ ವಾರ್ಡ್ ಇಲ್ಲ. ಪಕ್ಕದಲ್ಲಿ ಒಂದು ಸಣ್ಣ ಕೋಣೆ ಇದೆ, ಕಿಟಕಿ ಇದೆ, ಸಿಂಕ್ ಹೊರಗಿದೆ.

ತಿಳಿದವರು ಹೇಳಿ: ಅವರ ಬಗ್ಗೆ ಐದು ನಿಮಿಷ ಮಾತಾಡುವಾಗ ಯಾವ ಸಂಗತಿಗಳನ್ನು ಖಚಿತವಾಗಿ ಹೇಳಬಹುದು? ಇಷ್ಟೇ ಸೌಕರ್ಯದಲ್ಲಿ ಯಾವ ಅಭ್ಯಾಸ ಮಾಡಿಸಿದರೆ ನಿಜಕ್ಕೂ ಉಪಯೋಗ? 108ರವರಿಗೆ ಬೇರೆ ಏನಾದರೂ ಬೇಕೆ? ಇನ್ನೊಂದು ವಿಷಯ ಎಲ್ಲರ ಮನಸ್ಸಿನಲ್ಲೂ ಇದೆ, ಕೇಳಲು ಸಂಕೋಚ. ಗುತ್ತಿಗೆಯವರಿಗೆ ಹೀಗೇ ಆದರೆ ಮನೆಯವರಿಗೆ ಏನು ಸಿಗುತ್ತದೆ?

ಉತ್ತರ 1: ಸಾಂಕ್ರಾಮಿಕ_ಕೋಷ್ಠ

ಸಿಸ್ಟರ್, ಮೊದಲನೆಯದನ್ನು ನಾನು ಹೇಳುತ್ತೇನೆ. ಐದು ನಿಮಿಷದಲ್ಲಿ ಬೇರೆ ಏನು ಬಿಟ್ಟರೂ ತಾರೀಖುಗಳನ್ನು ಬಿಡಬೇಡಿ. ಇಡೀ ವಿಷಯ ಇರುವುದು ಅವುಗಳಲ್ಲೇ.

ಚಂಗರೋತ್ತ್ ಪಂಚಾಯಿತಿಯ ಯುವಕನೊಬ್ಬ 2018ರ ಮೇ ಮೊದಲ ವಾರದಲ್ಲಿ ಜ್ವರವೆಂದು ಪೇರಾಂಬ್ರ ತಾಲ್ಲೂಕು ಆಸ್ಪತ್ರೆಗೆ ದಾಖಲಾದ. ಅಲ್ಲಿ ಅವನನ್ನು ನೋಡಿಕೊಂಡವರಲ್ಲಿ ಲಿನಿ ಒಬ್ಬರು. ಅಲ್ಲಿಂದ ಕೋಯಿಕ್ಕೋಡ್ ವೈದ್ಯಕೀಯ ಕಾಲೇಜಿಗೆ ಕಳಿಸಿದರು. ಮೇ 5ರಂದು ಅವನು ತೀರಿಕೊಂಡ. ಆಗ ರೋಗಕ್ಕೆ ಹೆಸರಿರಲಿಲ್ಲ. ಮೇ ಮಧ್ಯದಲ್ಲಿ ಅವನ ಅಣ್ಣ ಅಂಥದೇ ಲಕ್ಷಣಗಳೊಂದಿಗೆ ಕೋಯಿಕ್ಕೋಡಿನ ಖಾಸಗಿ ಆಸ್ಪತ್ರೆಗೆ ಬಂದಾಗ ಅಲ್ಲಿನ ವೈದ್ಯರಿಗೆ ಅನುಮಾನ ಹುಟ್ಟಿತು. ಒಂದೇ ಮನೆಯಲ್ಲಿ ಎರಡನೆಯ ಪ್ರಕರಣ, ಜ್ವರದ ಜೊತೆ ಮಿದುಳಿನ ಲಕ್ಷಣ. ಸ್ಯಾಂಪಲ್ ಬಂದದ್ದು ನಮ್ಮ ಮಣಿಪಾಲಕ್ಕೆ. ಡಾ. ಜಿ. ಅರುಣ್‌ಕುಮಾರ್ ಮುಖ್ಯಸ್ಥರಾಗಿದ್ದ ವೈರಸ್ ಸಂಶೋಧನಾ ಕೇಂದ್ರದಲ್ಲಿ ನಿಪಾ ಪತ್ತೆಯಾಯಿತು. ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆ ಮೇ 20ರಂದು ಅದನ್ನು ಖಚಿತಪಡಿಸಿತು. ಮೇ 21ರ ನಸುಕಿಗೆ ಲಿನಿ ಹೋಗಿಬಿಟ್ಟಿದ್ದರು.

ಅಂದರೆ ಅವರು ರೋಗಿಯ ಪಕ್ಕದಲ್ಲಿ ನಿಂತಿದ್ದಕ್ಕೂ ಆ ರೋಗಕ್ಕೆ ಹೆಸರು ಬಿದ್ದದ್ದಕ್ಕೂ ನಡುವೆ ಎರಡು ವಾರಕ್ಕೂ ಮೀರಿದ ಅಂತರವಿದೆ. "ನಿಪಾ ಅಂತ ಗೊತ್ತಿದ್ದೂ ಪ್ರಾಣ ಲೆಕ್ಕಿಸದೆ ಸೇವೆ ಮಾಡಿದರು" ಎಂದು ಭಾಷಣಗಳಲ್ಲಿ ಹೇಳುವುದುಂಟು. ಅದು ಸರಿಯಲ್ಲ, ಹೇಳಿಸಬೇಡಿ. ಗೊತ್ತಿರಲಿಲ್ಲ, ಗೊತ್ತಾಗುವ ದಾರಿಯೂ ಇರಲಿಲ್ಲ. ಅವರು ಮಾಡಿದ್ದು ಜ್ವರದ ರೋಗಿಗೆ ದಿನನಿತ್ಯ ಮಾಡುವ ಕೆಲಸ. ನಿಮ್ಮ ಕ್ಯಾಶುವಾಲಿಟಿಯ ಯಾರಿಗಾದರೂ ನಾಳೆ ಆಗುವುದಿದ್ದರೂ ಹೀಗೇ, ಹೆಸರಿಲ್ಲದ ಜ್ವರದ ರೂಪದಲ್ಲೇ ಬರುತ್ತದೆ. ಆದ್ದರಿಂದ ನೀವು ಮಾಡಿಸುವ ಅಭ್ಯಾಸ "ನಿಪಾ ಬಂದಾಗ ಏನು ಮಾಡಬೇಕು" ಎಂಬುದಾಗಬಾರದು. ಏನೆಂದು ತಿಳಿಯದ ಜ್ವರ ಬಂದಾಗ ಏನು ಮಾಡಬೇಕು ಎಂಬುದಾಗಬೇಕು.

ಆ ವರ್ಷ ಕೋಯಿಕ್ಕೋಡ್ ಮತ್ತು ಮಲಪ್ಪುರಂ ಜಿಲ್ಲೆಗಳಲ್ಲಿ ಸರ್ಕಾರದ ಲೆಕ್ಕಕ್ಕೆ 17 ಸಾವು. ಆಮೇಲಿನ ಅಧ್ಯಯನದಲ್ಲಿ, ಸ್ಯಾಂಪಲ್ ಸಿಗದೆ ಹೋದವರನ್ನೂ ಸೇರಿಸಿ, 23 ಮಂದಿಗೆ ಸೋಂಕು, 21 ಸಾವು ಎಂದಿದೆ. ಮೊದಲ ರೋಗಿಯನ್ನು ಬಿಟ್ಟರೆ ಉಳಿದವರಲ್ಲಿ ಹೆಚ್ಚುಕಮ್ಮಿ ಎಲ್ಲರಿಗೂ ಅದು ತಗುಲಿದ್ದು ಆಸ್ಪತ್ರೆಗಳ ಒಳಗೆ: ವಾರ್ಡು, ಕಾರಿಡಾರು, ಸ್ಕ್ಯಾನಿಂಗ್‌ಗೆ ಕಾಯುವ ಜಾಗ. 2001ರಲ್ಲಿ ಸಿಲಿಗುರಿಯಲ್ಲೂ ಹೀಗೇ ಆಗಿತ್ತು. ಅಲ್ಲಿನ 66 ಪ್ರಕರಣಗಳಲ್ಲಿ ಮುಕ್ಕಾಲು ಪಾಲು ಆಸ್ಪತ್ರೆಯ ಸಿಬ್ಬಂದಿ, ರೋಗಿಗಳು ಮತ್ತು ನೋಡಲು ಬಂದವರು. ಅದು ನಿಪಾ ಎಂದು ತಿಳಿದದ್ದು ವರ್ಷಗಳ ನಂತರ. ಅಲ್ಲಿ ಸತ್ತ ಸಿಬ್ಬಂದಿಯ ಹೆಸರು ನಮ್ಮಲ್ಲಿ ಯಾರ ಬಾಯಲ್ಲೂ ಇಲ್ಲ. ಅವರಿಗೂ ಅದೇ ಮೌನದಲ್ಲಿ ಪಾಲಿರಲಿ.

2018ರ ಜೂನ್‌ನಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಜಿಮ್ ಕ್ಯಾಂಬೆಲ್ ಮೂವರನ್ನು ಒಟ್ಟಿಗೆ ನೆನೆದಿದ್ದರು: ಲಿನಿ, ಗಾಜಾದ ತುರ್ತು ಚಿಕಿತ್ಸಾ ಸ್ವಯಂಸೇವಕಿ ರಜಾನ್ ಅಲ್ ನಜ್ಜಾರ್, ಎಬೋಲಾ ಕಾಲದಲ್ಲಿ ದುಡಿದ ಲೈಬೀರಿಯಾದ ಸಲೋಮೆ ಕಾರ್ವಾ. ಈ ಮಾತನ್ನೂ ಸೇರಿಸಬಹುದು.

ಬಾವಲಿಯ ಕಥೆಗೆ ಸಮಯ ಕೊಡಬೇಡಿ. ಮೊದಲ ರೋಗಿಗೆ ಎಲ್ಲಿಂದ ಬಂತು ಎಂಬುದು ಬೇರೆ ಶಾಸ್ತ್ರ, ಲಿನಿಗೆ ಬಂದದ್ದು ಮನುಷ್ಯನಿಂದ. ಇನ್ನೊಂದು ವಿನಂತಿ. ಅವರು ಗಂಡನಿಗೆ ಬರೆದ ಚೀಟಿಯನ್ನು ಓದಿಸಬೇಡಿ. ಪತ್ರಿಕೆಗಳಲ್ಲೆಲ್ಲ ಬಂದಿದೆ, ನಿಜ. ಆದರೂ ಅದು ಮನೆಯವರಿಗೆ ಬರೆದದ್ದು. ಸಭೆಯಲ್ಲಿ ಓದಿದರೆ ಎಲ್ಲರೂ ಅಳುತ್ತಾರೆ, ಆಮೇಲೆ ಕೈಕೆಲಸಕ್ಕೆ ಮನಸ್ಸು ಕೂರುವುದಿಲ್ಲ. ಮಕ್ಕಳ ಫೋಟೊ ಕೂಡ ಬೇಡ.

ಉತ್ತರ 2: ಐಸಿಎನ್_ಕರಾವಳಿ

ಮೇಲಿನವರು ಹೇಳಿದ್ದಕ್ಕೆ ನನ್ನ ಪೂರ್ತಿ ಒಪ್ಪಿಗೆ. ಸೋಂಕು ನಿಯಂತ್ರಣದ ಕಡೆಯಿಂದ ಹೇಳುವುದಾದರೆ, ಒಂದು ಗಂಟೆಯಲ್ಲಿ ಎಲ್ಲವನ್ನೂ ತುರುಕಬೇಡಿ. ಅರ್ಧ ಗಂಟೆ ಪೂರ್ತಿ ಪಿಪಿಇ (ಗೌನ್, ಗ್ಲೌಸ್, ಮಾಸ್ಕ್ ಇತ್ಯಾದಿ ರಕ್ಷಣಾ ಉಡುಪು) ಬಿಚ್ಚುವುದಕ್ಕೆ ಕೊಡಿ. ಹಾಕುವುದನ್ನು ಎಲ್ಲರೂ ಚೆನ್ನಾಗಿಯೇ ಹಾಕುತ್ತಾರೆ. ಸೋಂಕು ಮೈಗೆ ಹತ್ತುವುದು ಬಿಚ್ಚುವಾಗ, ಅದೂ ಪಾಳಿ ಮುಗಿಸಿ ಬೆವೆತು, ಯಾವಾಗ ಕಿತ್ತೆಸೆಯುತ್ತೇನೋ ಅನ್ನುವ ಅವಸರದಲ್ಲಿ.

ಬೇಕಾದ ಸಾಮಾನು ನಿಮ್ಮಲ್ಲೇ ಇದೆ. ಸ್ಕ್ಯಾನಿಂಗ್ ಜೆಲ್ಲಿ 50 ಮಿಲಿ ತೆಗೆದುಕೊಂಡು ಅದಕ್ಕೆ ಅಡುಗೆಯ ಕೆಂಪು ಬಣ್ಣ ಕಾಲು ಚಮಚ ಕಲಸಿ. ಮಂಚದ ಮೇಲೆ ದಿಂಬಿಟ್ಟು ಬೆಡ್‌ಶೀಟ್ ಹೊದಿಸಿ, ಬಾಯಿ ಇರುವ ಕಡೆ, ಶೀಟಿನ ಅಂಚು, ಮಂಚದ ರೇಲು, ಕಫ ಎಳೆಯುವ ಸಕ್ಷನ್ ನಳಿಕೆ, ಇಷ್ಟಕ್ಕೆ ಆ ಜೆಲ್ಲಿ ಸವರಿ. ಇಬ್ಬಿಬ್ಬರಾಗಿ ಬಂದು ಶೀಟ್ ಬದಲಿಸಲಿ, ಸಕ್ಷನ್ ಹಿಡಿಯಲಿ, ರೋಗಿಯನ್ನು ಮಗ್ಗುಲಾಗಿಸಲಿ. ಆಮೇಲೆ ಬಿಚ್ಚಲಿ. ಬಿಚ್ಚಿ ಮುಗಿದ ಮೇಲೆ ಕೆಂಪು ಎಲ್ಲೆಲ್ಲಿ ಉಳಿದಿದೆ ಎಂದು ಕನ್ನಡಿಯಲ್ಲಿ ಅವರೇ ನೋಡಿಕೊಳ್ಳಲಿ. ಸಾಮಾನ್ಯವಾಗಿ ಸಿಗುವ ಜಾಗಗಳು: ಗ್ಲೌಸಿಗೂ ಗೌನಿನ ತೋಳಿಗೂ ನಡುವಿನ ಮಣಿಕಟ್ಟು, ಗಂಟು ಬಿಚ್ಚಲು ಹೋದ ಕತ್ತಿನ ಹಿಂಭಾಗ, ಕನ್ನಡಕ ಎತ್ತಿದ ಹಣೆ, ಮಾತಾಡಲು ಮಾಸ್ಕ್ ಕೆಳಗೆಳೆದ ಗಲ್ಲ. ಗುರುತಿನ ಚೀಟಿಯ ದಾರ, ಜೇಬಿನ ಪೆನ್ನು, ಮೊಬೈಲು ಇವುಗಳ ಮೇಲೂ ಇರುತ್ತದೆ. ಆ ಮೂರನ್ನೂ ಒಳಗೆ ಹೋಗುವ ಮೊದಲೇ ಹೊರಗಿನ ಟ್ರೇನಲ್ಲಿ ಇಡುವುದನ್ನು ರೂಢಿ ಮಾಡಿಸಿ. ತಾಳಿ ಸರ ಬಟ್ಟೆಯೊಳಗೆ, ಬಳೆ, ಉಂಗುರ, ವಾಚು ಹೊರಗೆ. ಕೇಸ್ ಶೀಟ್ ಕೋಣೆಯ ಒಳಗೆ ಹೋಗಲೇಬಾರದು. ಒಳಗಿನವರು ಬಾಯಲ್ಲಿ ಹೇಳಲಿ, ಹೊರಗಿನವರು ಬರೆದುಕೊಳ್ಳಲಿ.

ಕ್ರಮ ಹೀಗಿರಲಿ. ಹಾಕುವಾಗ ಕೈಗೆ ಸ್ಯಾನಿಟೈಸರ್, ಒಳಗ್ಲೌಸ್, ಗೌನ್, ಎನ್95, ಕನ್ನಡಕ ಅಥವಾ ಫೇಸ್ ಶೀಲ್ಡ್, ಕೊನೆಗೆ ಗೌನಿನ ತೋಳಿನ ಮೇಲೆ ಬರುವಂತೆ ಹೊರಗ್ಲೌಸ್. ಬಿಚ್ಚುವಾಗ ಮೊದಲು ಹೊರಗ್ಲೌಸ್ ತೆಗೆದು ಒಳಗ್ಲೌಸ್ ಮೇಲೇ ಸ್ಯಾನಿಟೈಸರ್. ಗೌನಿನ ಗಂಟನ್ನು ಹಿಂದಿನಿಂದ ಬಿಚ್ಚಿ, ಒಳಮೈ ಹೊರಗೆ ಬರುವಂತೆ ಸುತ್ತುತ್ತಾ ದೇಹದಿಂದ ದೂರ ಹಿಡಿದು ಕಳಚುವುದು. ಒಳಗ್ಲೌಸ್ ತೆಗೆದು ಮತ್ತೆ ಸ್ಯಾನಿಟೈಸರ್. ತಲೆ ತುಸು ಮುಂದೆ ಬಾಗಿಸಿ, ಕಣ್ಣು ಮುಚ್ಚಿ, ಹಿಂದಿನ ಪಟ್ಟಿ ಹಿಡಿದು ಕನ್ನಡಕ. ಕೋಣೆಯಿಂದ ಹೊರಬಂದು ಬಾಗಿಲು ಹಾಕಿದ ಮೇಲೆಯೇ ಎನ್95: ಮೊದಲು ಕೆಳಗಿನ ಪಟ್ಟಿ, ಆಮೇಲೆ ಮೇಲಿನದು, ಮುಂಭಾಗ ಮುಟ್ಟುವಂತಿಲ್ಲ. ಕೊನೆಗೆ ಸೋಪಿನಲ್ಲಿ ಕೈ, 40ರಿಂದ 60 ಸೆಕೆಂಡು. ಸ್ಯಾನಿಟೈಸರ್ ಆದರೆ 20ರಿಂದ 30 ಸೆಕೆಂಡು, ಅಂಗೈ ತುಂಬುವಷ್ಟು. ಎರಡು ಹನಿ ಸಾಕಾಗುವುದಿಲ್ಲ.

ಬಿಚ್ಚುವವರಿಗೆ ಎದುರಾಗಿ ಒಬ್ಬರು ನಿಂತು ಪ್ರತಿ ಹೆಜ್ಜೆಯನ್ನೂ ಗಟ್ಟಿಯಾಗಿ ಓದಬೇಕು, ಅವರು ಓದದೆ ಇವರು ಮುಂದಿನದಕ್ಕೆ ಹೋಗಬಾರದು. ಇದೊಂದು ರೂಢಿಯಾದರೆ ಅರ್ಧ ಅಪಾಯ ಕಡಿಮೆ. ರಾತ್ರಿ ಪಾಳಿಯಲ್ಲಿ ಓದುವುದಕ್ಕೆ ಇನ್ನೊಬ್ಬ ನರ್ಸ್ ಇರುವುದಿಲ್ಲ. ಹಾಗಾಗಿ ಗ್ರೂಪ್ ಡಿ ಅಕ್ಕಂದಿರಿಗೂ ಅಣ್ಣಂದಿರಿಗೂ ಓದುವ ಕೆಲಸ ಕಲಿಸಿ. ಕನ್ನಡದಲ್ಲಿ ದಪ್ಪಕ್ಷರದ ಹಾಳೆ ಬರೆದು ಬಾಗಿಲ ಒಳಬದಿಗೆ, ಕಣ್ಣಿನ ಮಟ್ಟಕ್ಕೆ ಅಂಟಿಸಿ. ಗೌನು ಮತ್ತು ಮಾಸ್ಕ್ ಹಳದಿ ಚೀಲಕ್ಕೆ, ಗ್ಲೌಸ್ ಮತ್ತು ಕನ್ನಡಕ ಕೆಂಪು ಚೀಲಕ್ಕೆ. ಚೀಲಗಳನ್ನು ಮುಕ್ಕಾಲು ತುಂಬಿದಾಗಲೇ ಕಟ್ಟಬೇಕು. ಒತ್ತಿ ಜಾಗ ಮಾಡಿದರೆ ಒಳಗಿನ ಗಾಳಿಯೆಲ್ಲ ಮುಖಕ್ಕೆ ಹೊಡೆಯುತ್ತದೆ.

ಎನ್95 ಹಾಕಿದ ಮೇಲೆ ಎರಡೂ ಕೈಯಿಂದ ಮುಚ್ಚಿ ಜೋರಾಗಿ ಉಸಿರು ಬಿಡಲು ಹೇಳಿ. ಮೂಗಿನ ಪಕ್ಕದಲ್ಲಿ ಕಣ್ಣಿಗೆ ಗಾಳಿ ಬಡಿದರೆ ಕ್ಲಿಪ್ ಒತ್ತಿಲ್ಲ ಎಂದರ್ಥ. ಕನ್ನಡಕ ಮಂಜಾಗುವುದಕ್ಕೂ ಇದೇ ಕಾರಣ. ಗಡ್ಡದ ಮೇಲೆ ಎನ್95 ಕೂರುವುದಿಲ್ಲ, ಪಟ್ಟಿ ಎಷ್ಟು ಬಿಗಿಗೊಳಿಸಿದರೂ ಅಷ್ಟೆ.

ಇನ್ನು ಹತ್ತು ನಿಮಿಷ ವಾಂತಿ, ರಕ್ತ ಚೆಲ್ಲಿದ್ದನ್ನು ತೆಗೆಯುವುದಕ್ಕೆ. ಸೋಂಕು ಕಳೆಯುವ ಹೈಪೊಕ್ಲೋರೈಟ್ ದ್ರಾವಣದ ಕ್ಯಾನಿನ ಲೇಬಲ್ ಓದಿಸಿ. 5 ಶೇಕಡದ್ದಾದರೆ 200 ಮಿಲಿಗೆ 800 ಮಿಲಿ ನೀರು, 10 ಶೇಕಡದ್ದಾದರೆ 100 ಮಿಲಿಗೆ 900. ಆಗ 1 ಶೇಕಡ ದ್ರಾವಣ ಒಂದು ಲೀಟರ್ ಆಗುತ್ತದೆ. ಕ್ಯಾನ್ ಇಲ್ಲದ ದಿನ 30 ಶೇಕಡ ಕ್ಲೋರಿನ್ ಇರುವ ಹೊಸ ಬ್ಲೀಚಿಂಗ್ ಪೌಡರ್ 33 ಗ್ರಾಂ, ಒಂದು ಲೀಟರ್ ನೀರಿಗೆ. ಕಲಸಿ, ಸುಣ್ಣ ತಳಕ್ಕೆ ಕೂತ ಮೇಲೆ ಮೇಲಿನ ತಿಳಿ ಬಳಸಿ. ಬಾಯಿ ತೆರೆದಿಟ್ಟ ಹಳೇ ಚೀಲದ ಪುಡಿಯಲ್ಲಿ ವಾಸನೆ ಇರಬಹುದು, ಸತ್ವ ಇರುವುದಿಲ್ಲ. ದಿನಾ ಹೊಸದಾಗಿ ಕಲಸಬೇಕು. ಬಿಸಿಲಿಗಿಟ್ಟ ಕ್ಯಾನಿನದ್ದೂ ಸತ್ವ ಇಳಿಯುತ್ತದೆ. ಎಲ್ಲಕ್ಕಿಂತ ಹೆಚ್ಚಾಗಿ ಆಗುವ ತಪ್ಪು ಎಂದರೆ ವಾಂತಿಯ ಮೇಲೆ ದ್ರಾವಣ ಸುರಿದ ಕೂಡಲೇ ಮಾಪ್ ಎಳೆಯುವುದು. ಮೊದಲು ಹೀರುವ ಬಟ್ಟೆಯೋ ಪೇಪರೋ ಹಾಸಿ, ಅದರ ಮೇಲೆ ಅಂಚಿನಿಂದ ನಡುವಿಗೆ ದ್ರಾವಣ ಸುರಿದು, 10 ನಿಮಿಷ ಹಾಗೇ ಬಿಡಬೇಕು. ಆಮೇಲೆ ಎತ್ತಿ ಹಳದಿ ಚೀಲಕ್ಕೆ, ಮತ್ತೊಮ್ಮೆ ಅದೇ ದ್ರಾವಣದಲ್ಲಿ ಒರೆಸುವುದು. ಕಕ್ಕಸು ತೊಳೆಯುವ ಆ್ಯಸಿಡ್ ಜೊತೆ ಬೆರೆಸಿದರೆ ಕ್ಲೋರಿನ್ ಅನಿಲ ಏಳುತ್ತದೆ. ಇದನ್ನು ಗ್ರೂಪ್ ಡಿಯವರಿಗೆ ಎರಡು ಸಲ ಹೇಳಿ.

ಚೀಟಿ ಬರೆಯುವ ಕೌಂಟರನ್ನು ಮರೆಯಬೇಡಿ. ಜ್ವರ ಎಂದವರಿಗೆ ಅಲ್ಲೇ ಮೂರು ಪ್ರಶ್ನೆ: ಮಾತು ತೊದಲುವುದು, ಮಂಪರು, ಫಿಟ್ಸ್ ಇದೆಯೇ? ಉಸಿರಾಟಕ್ಕೆ ಕಷ್ಟವೇ? ಮನೆಯಲ್ಲಿ ಇನ್ಯಾರಿಗಾದರೂ ಹೀಗೇ ಆಗಿದೆಯೇ, ಅಥವಾ ಕಳೆದ 21 ದಿನದಲ್ಲಿ ಇಂಥ ರೋಗಿಯನ್ನು ನೋಡಲು ಯಾವುದಾದರೂ ಆಸ್ಪತ್ರೆಗೆ ಹೋಗಿದ್ದರೇ? ಒಂದಕ್ಕೆ ಹೌದು ಎಂದರೂ ರೋಗಿಗೆ ಮಾಸ್ಕ್, ಜೊತೆಗೆ ಒಬ್ಬರೇ ಅಟೆಂಡರ್, ನೇರ ಆ ಸಣ್ಣ ಕೋಣೆಗೆ. ರೋಗದ ಹೆಸರು ಆಮೇಲೆ ಬರಲಿ. 2018ರಲ್ಲಿ ಕೋಯಿಕ್ಕೋಡಿನಲ್ಲಿ ಸುಳಿವು ಕೊಟ್ಟದ್ದು ಈ ಮೂರನೆಯ ಪ್ರಶ್ನೆಯೇ.

ಉತ್ತರ 3: 108_ಹಿಂದಿನ_ಕ್ಯಾಬಿನ್

ಇಎಂಟಿ ಮತ್ತು ಪೈಲಟ್‌ಗೆ ಬೇರೆಯೇ ಅಭ್ಯಾಸ ಬೇಕು ಸಿಸ್ಟರ್. ನಿಮ್ಮ ಕೋಣೆಗೆ ಕಿಟಕಿ ಇದೆ, ನೀವು ಒಂದು ಮೀಟರ್ ಹಿಂದೆ ಸರಿಯಬಹುದು. ಆಂಬುಲೆನ್ಸಿನ ಹಿಂದಿನ ಕ್ಯಾಬಿನ್ನಿನಲ್ಲಿ ಇಎಂಟಿಯ ಮಂಡಿ ಸ್ಟ್ರೆಚರಿಗೆ ತಾಗಿಕೊಂಡೇ ಇರುತ್ತದೆ, ದೊಡ್ಡಾಸ್ಪತ್ರೆಗೆ ಒಂದೂವರೆ, ಎರಡು ಗಂಟೆಯ ದಾರಿ.

ಅವರ ವಾಹನವನ್ನೇ ಪೋರ್ಟಿಕೊಗೆ ತರಿಸಿ, ಅದರೊಳಗೇ ಮಾಡಿಸಿ. ಮೊದಲು ಗಾಳಿ. ಪೈಲಟ್ ಕ್ಯಾಬಿನ್ನಿಗೂ ಹಿಂಭಾಗಕ್ಕೂ ನಡುವಿನ ಸಣ್ಣ ಕಿಟಕಿ ಮುಚ್ಚಿರಬೇಕು. ಮುಂದೆ ಎಸಿ ಹಾಕಿದರೆ ಹೊರಗಾಳಿ ಎಳೆದುಕೊಳ್ಳುವ ಕಡೆಗೆ ತಿರುಗಿಸಬೇಕು, ಒಳಗಾಳಿಯನ್ನೇ ಸುತ್ತಿಸುವಂತಿರಬಾರದು. ಹಿಂದಿನ ಎಕ್ಸಾಸ್ಟ್ ಫ್ಯಾನ್ ಸ್ವಿಚ್ ಒತ್ತಿ, ಅದರ ಜಾಲರಿಗೆ ಟಿಶ್ಯೂ ಹಿಡಿದು ನೋಡಿ. ಅಂಟಿಕೊಳ್ಳದಿದ್ದರೆ ಧೂಳು ಕಟ್ಟಿದೆ ಅಥವಾ ಫ್ಯಾನ್ ಸುಟ್ಟಿದೆ. ರೋಗಿಗೆ ಬೇರೆ ಅಡ್ಡಿ ಇಲ್ಲದಿದ್ದರೆ ಪಕ್ಕದ ಗಾಜನ್ನು ನಾಲ್ಕು ಬೆರಳಷ್ಟು ಇಳಿಸಿ.

ಆಮೇಲೆ ಉಪಕರಣ. ಎಚ್ಚರವಿರುವ ರೋಗಿಗೆ ಆಮ್ಲಜನಕದ ನಾನ್ ರಿಬ್ರೀಥರ್ ಮಾಸ್ಕ್ (ಚೀಲವಿರುವ ಮಾಸ್ಕ್) ಹಾಕಿ, ನಿಮಿಷಕ್ಕೆ 10ರಿಂದ 15 ಲೀಟರ್, ಅದರ ಮೇಲೆ ಸರ್ಜಿಕಲ್ ಮಾಸ್ಕ್ ಹೊದಿಸಿ. ದಾರಿಯಲ್ಲಿ ನೆಬ್ಯುಲೈಸೇಷನ್ ಆದಷ್ಟು ಬೇಡ, ತುಂತುರೆಲ್ಲ ಕ್ಯಾಬಿನ್ನಿನಲ್ಲೇ ನಿಲ್ಲುತ್ತದೆ. ಅಂಬು ಬ್ಯಾಗ್ (ಕೈಯಲ್ಲಿ ಒತ್ತಿ ಉಸಿರು ಕೊಡುವ ಚೀಲ) ಹಿಡಿಯಬೇಕಾಗಿ ಬಂದರೆ ಮಾಸ್ಕಿಗೂ ಬ್ಯಾಗಿಗೂ ನಡುವೆ ವೈರಸ್ ಫಿಲ್ಟರ್ ಇರಬೇಕು. ಇದು ಕಿಟ್‌ನಲ್ಲಿ ಇದೆಯೇ ಇಲ್ಲವೇ ಎಂಬುದು ಬೇಕಾದ ಹೊತ್ತಿಗೇ ಗೊತ್ತಾಗುವುದು ಹೆಚ್ಚು. ಮೇ 21ಕ್ಕೆ ಬ್ಯಾಗ್ ತೆರೆಸಿ ನೋಡಿಬಿಡಿ. ಹೊರಡುವ ಮೊದಲು, ಸೇರಿಸಿಕೊಳ್ಳುವ ಆಸ್ಪತ್ರೆಗೆ ಫೋನ್ ಮಾಡಿ "ಜ್ವರ, ಮಂಪರು, ಉಸಿರಾಟದ ತೊಂದರೆ, ಪ್ರತ್ಯೇಕ ಜಾಗ ಬೇಕು" ಎಂದು ಸ್ಪಷ್ಟವಾಗಿ ಹೇಳಬೇಕು. ಹೇಳದೆ ಹೋದರೆ ರೋಗಿಯನ್ನು ಕಾರಿಡಾರಿನಲ್ಲೇ ಸ್ಟ್ರೆಚರ್ ಮೇಲೆ ಕಾಯಿಸುತ್ತಾರೆ. ಕಾರಿಡಾರಿನಲ್ಲಿ ಏನಾಗುತ್ತದೆ ಎಂಬುದನ್ನು 2018 ತೋರಿಸಿದೆ.

ಇಳಿಸಿದ ಮೇಲೆ ಎಲ್ಲಾ ಬಾಗಿಲು ತೆರೆದು ಗಾಳಿಯಾಡಲು ಬಿಡಿ. ನಂತರ ಒರೆಸುವುದು. ಮರೆತುಹೋಗುವ ಜಾಗಗಳನ್ನು ಹೇಳುತ್ತೇನೆ: ಆಮ್ಲಜನಕದ ಫ್ಲೋಮೀಟರಿನ ತಿರುಗಣೆ, ಬಿಪಿ ಪಟ್ಟಿಯ ಒಳಮೈ, ಪಲ್ಸ್ ಆಕ್ಸಿಮೀಟರಿನ ಬಾಯಿ, ಮಾನಿಟರಿನ ವೈರು, ಮೇಲಿನ ಹಿಡಿಕೆ ಕಂಬಿ, ಸೀಟ್ ಬೆಲ್ಟಿನ ಬಕಲ್, ಹಿಂಬಾಗಿಲ ಒಳಹಿಡಿ, ಕೇಸ್ ವಿವರ ತುಂಬುವ ಫೋನು. ಲೋಹಕ್ಕೂ ಫೋನಿಗೂ 70 ಶೇಕಡ ಸ್ಪಿರಿಟ್, ಉಳಿದದ್ದಕ್ಕೆ ಮೇಲೆ ಹೇಳಿದ 1 ಶೇಕಡ ದ್ರಾವಣ, ಹತ್ತು ನಿಮಿಷದ ನಂತರ ನೀರಿನ ಬಟ್ಟೆ. ಇಲ್ಲದಿದ್ದರೆ ಸ್ಟ್ರೆಚರಿನ ಚಕ್ರ, ಕೀಲು ಎಲ್ಲ ತುಕ್ಕು ಹಿಡಿಯುತ್ತದೆ. ಸ್ಪ್ರೇ ಹೊಡೆದರೆ ಸಾಲದು, ಒರೆಸಲೇಬೇಕು. ಮನುಷ್ಯರ ಮೈಮೇಲಂತೂ ಆ ದ್ರಾವಣ ಸಿಂಪಡಿಸಲೇಬಾರದು.

ಈ ನಡುವೆ "ಮುಂದಿನ ಕರೆ ಬಂದಿದೆ, ಹೊರಡಿ" ಎಂಬ ಒತ್ತಡ ಬರುತ್ತದೆ. ವಾಹನ ತೊಳೆಯುತ್ತಿದೆ ಎಂದು ಹೇಳಿ ಅದನ್ನು ದಾಖಲಿಸುವ ಧೈರ್ಯ ಇಪ್ಪತ್ತಮೂರು, ಇಪ್ಪತ್ತನಾಲ್ಕು ವರ್ಷದ ಹೊಸ ಇಎಂಟಿಗೆ ಒಬ್ಬರಿಂದ ಬರುವುದಿಲ್ಲ. ನಿಮ್ಮ ಆಡಳಿತ ವೈದ್ಯಾಧಿಕಾರಿಗಳು ಆ ದಿನ ಎಲ್ಲರೆದುರು "ತೊಳೆಯದೆ ಹೊರಡಬೇಡಿ, ಕೇಳಿದವರಿಗೆ ನಾನು ಉತ್ತರ ಕೊಡುತ್ತೇನೆ" ಎಂದು ಒಂದು ಮಾತು ಹೇಳಿದರೆ ಅದೇ ದೊಡ್ಡ ಗೌರವ.

ಗಡಿ_ಕ್ಯಾಶುವಾಲಿಟಿ

ಎಲ್ಲರಿಗೂ ತುಂಬಾ ಧನ್ಯವಾದ. ಚೀಟಿ ಓದುವ ಯೋಚನೆ ನಮ್ಮ ಕಾರ್ಯಕ್ರಮದಲ್ಲಿತ್ತು, ಕೈಬಿಡುತ್ತೇವೆ. ಎರಡು ಪ್ರಶ್ನೆ ಉಳಿದಿವೆ. ನಮ್ಮ ಸ್ಟೋರಿನಲ್ಲಿ ಪಿಪಿಇ ಕಿಟ್ ಹೆಚ್ಚಿಲ್ಲ, ಅಭ್ಯಾಸಕ್ಕೇ ಖರ್ಚಾದರೆ ಮುಂದೇನು? ನಿಜವಾಗಿ ಒಬ್ಬ ರೋಗಿ ಬಂದರೆ ಎಷ್ಟು ಇಟ್ಟುಕೊಂಡಿರಬೇಕು? ಮತ್ತು ಗುತ್ತಿಗೆಯವರ ವಿಷಯಕ್ಕೆ ಯಾರೂ ಬಂದಿಲ್ಲ.

ಉತ್ತರ 4: ನೌಕರರ_ಕಡತ

ಗುತ್ತಿಗೆಯ ವಿಷಯ ನಾನು ಬರೆಯುತ್ತೇನೆ. ಸಂಕೋಚ ಪಡಬೇಡಿ ಮೇಡಂ, ಈ ದಿನ ಮಾತಾಡಲೇಬೇಕಾದದ್ದು ಇದು. ಲಿನಿ ಕೂಡ ಕಾಯಂ ನೌಕರಿಯಲ್ಲಿ ಇರಲಿಲ್ಲ. ಕೇರಳ ಸರ್ಕಾರ ಅವರ ಇಬ್ಬರು ಮಕ್ಕಳಿಗೆ ತಲಾ 10 ಲಕ್ಷ ರೂಪಾಯಿ, ಗಂಡನಿಗೆ ಸರ್ಕಾರಿ ಕೆಲಸ ಕೊಟ್ಟಿತು. ಒಳ್ಳೆಯದಾಯಿತು, ಆದರೆ ಅದು ಅವರೊಬ್ಬರಿಗಾಗಿ ತೆಗೆದುಕೊಂಡ ವಿಶೇಷ ನಿರ್ಧಾರ. ನಮಗೂ ಹಾಗೇ ಸಿಗುತ್ತದೆ ಎಂದು ಯಾರೂ ಲೆಕ್ಕ ಹಾಕಬಾರದು. 2020ರ ಮಾರ್ಚ್‌ನಲ್ಲಿ ಕೇಂದ್ರ ಘೋಷಿಸಿದ 50 ಲಕ್ಷದ ವಿಮೆ ಗುತ್ತಿಗೆ, ಹೊರಗುತ್ತಿಗೆಯವರಿಗೂ ಇತ್ತು, ಆದರೆ ಅದು ಕೋವಿಡ್‌ಗೆ ಮಾತ್ರ.

ಹಕ್ಕಾಗಿ ಬರುವುದು ಇವು. ತಿಂಗಳ ಸಂಬಳ 21,000ದ ಒಳಗಿದ್ದು ಇಎಸ್‌ಐ ಕಡಿತವಾಗುತ್ತಿದ್ದರೆ ಅವಲಂಬಿತರ ಪಿಂಚಣಿ, ದಿನದ ಸರಾಸರಿ ವೇತನದ 90 ಶೇಕಡ. ಇಎಸ್‌ಐ ಇಲ್ಲದವರಿಗೆ ನೌಕರರ ಪರಿಹಾರ: ಸಂಬಳದ ಅರ್ಧವನ್ನು ವಯಸ್ಸಿನ ಗುಣಕದಿಂದ ಗುಣಿಸುವುದು. 28 ವರ್ಷಕ್ಕೆ ಗುಣಕ 211.79. 2020ರಲ್ಲಿ ನಿಗದಿಯಾದ 15,000 ಸಂಬಳದ ಮಿತಿ ಹಿಡಿದರೆ 7,500 ಗುಣಿಸು 211.79, ಅಂದರೆ 15,88,425 ರೂಪಾಯಿ. ಇದು 1923ರ ಕಾಯ್ದೆಯ ಲೆಕ್ಕ. 2025ರ ನವೆಂಬರ್ 21ರಿಂದ ಸಾಮಾಜಿಕ ಭದ್ರತಾ ಸಂಹಿತೆ ಅದರ ಜಾಗಕ್ಕೆ ಬಂದಿದೆ, ಸೂತ್ರ ಅದೇ. ಆಸ್ಪತ್ರೆ, ಪ್ರಯೋಗಾಲಯದ ಕೆಲಸದಲ್ಲಿ ತಗುಲಿದ ಸಾಂಕ್ರಾಮಿಕ ರೋಗ ಎರಡರಲ್ಲೂ ಔದ್ಯೋಗಿಕ ರೋಗದ ಪಟ್ಟಿಯಲ್ಲಿದೆ. "ಅಪಘಾತವಲ್ಲ, ಕಾಯಿಲೆ ಬಂದು ಸತ್ತದ್ದು" ಎಂದು ಏಜೆನ್ಸಿ ವಾಪಸ್ ಕಳಿಸಿದರೆ ಆ ಪಟ್ಟಿ ತೋರಿಸಬೇಕು. ಪಿಎಫ್ ಇದ್ದವರಿಗೆ ಅದರ ಜೊತೆಗಿನ ವಿಮೆ ಗರಿಷ್ಠ 7 ಲಕ್ಷ. ಪಿಎಫ್ ಹಣಕ್ಕೆ ಫಾರಂ 20, ವಿಮೆಗೆ 5 ಐಎಫ್, ಪಿಂಚಣಿಗೆ 10 ಡಿ, ಮೂರನ್ನೂ ಒಟ್ಟಿಗೆ ಹಾಕಬೇಕು. ಸಾವಿನ ಸಂದರ್ಭದಲ್ಲಿ ಗ್ರಾಚ್ಯುಟಿಗೆ ಐದು ವರ್ಷದ ಷರತ್ತು ಇಲ್ಲ.

ಎಡವುವುದು ಎಲ್ಲಿ ಅಂದರೆ ಪುರಾವೆಯಲ್ಲಿ. ಆಂಬುಲೆನ್ಸ್ ಅಪಘಾತವಾದರೆ ಎಫ್‌ಐಆರ್ ಇರುತ್ತದೆ, ಮರಣೋತ್ತರ ಪರೀಕ್ಷೆಯ ವರದಿ ಇರುತ್ತದೆ. ಮೋಟಾರು ವಾಹನ ನ್ಯಾಯಮಂಡಳಿಗೂ ಹೋಗಬಹುದು, ಆರು ತಿಂಗಳೊಳಗೆ ಅರ್ಜಿ ಹಾಕುವುದು ಕ್ಷೇಮ. ಸೋಂಕಿನ ಸಾವಿನಲ್ಲಿ ಇದ್ಯಾವುದೂ ಇರುವುದಿಲ್ಲ. ಮೈಯನ್ನೂ ಮನೆಗೆ ಕೊಡುವುದಿಲ್ಲ. ಲಿನಿ ಅವರ ಅಂತ್ಯಕ್ರಿಯೆಯನ್ನೂ ಕೋಯಿಕ್ಕೋಡಿನ ವಿದ್ಯುತ್ ಚಿತಾಗಾರದಲ್ಲೇ ಮುಗಿಸಬೇಕಾಯಿತು. ಆಗ ಉಳಿಯುವ ಸಾಕ್ಷಿ ನಿಮ್ಮ ಕ್ಯಾಶುವಾಲಿಟಿಯ ಪುಸ್ತಕಗಳು ಮಾತ್ರ. ಡ್ಯೂಟಿ ರೋಸ್ಟರಿನಲ್ಲಿ ಹೆಸರಿರಬೇಕು. ಬದಲಿ ಡ್ಯೂಟಿ ಮಾಡಿದರೆ ಬಾಯಿಮಾತಿನಲ್ಲಿ ಬಿಡದೆ ತಿದ್ದಿ ಸಹಿ ಹಾಕಿಸಬೇಕು. ರೋಗಿಯ ಕೇಸ್ ಶೀಟಿನ ನರ್ಸಿಂಗ್ ನೋಟ್ಸಿನಲ್ಲಿ ಗೀಚಿದ ಗುರುತು ಸಾಲದು, ಪೂರ್ತಿ ಹೆಸರಿರಬೇಕು. ಇದರ ಮೇಲೆ ಒಂದು ಸಂಪರ್ಕ ಪುಸ್ತಕ ಇಡಿ: ದಿನಾಂಕ, ಗಂಟೆ, ರೋಗಿಯ ನಂಬರು, ಏನು ಮಾಡಿದೆವು, ಏನು ಹಾಕಿಕೊಂಡಿದ್ದೆವು, ಸಹಿ. ನೂರು ಪುಟದ ನೋಟ್‌ಬುಕ್ ಸಾಕು. ರೋಗ ಖಚಿತವಾದ ದಿನ ಸಂಪರ್ಕಿತರ ಪಟ್ಟಿ ತೆಗೆಯುವುದಕ್ಕೂ ಇದೇ ಪುಸ್ತಕ ಬೇಕು, ಮನೆಯವರ ಅರ್ಜಿಗೂ ಇದೇ.

ಗುತ್ತಿಗೆ ಆದೇಶ 11 ತಿಂಗಳಿಗೊಮ್ಮೆ ನವೀಕರಣವಾಗುವ ಕಡೆ, ನಡುವಿನ ಬಿಡುವಿನಲ್ಲೂ ಹಾಜರಿ ಹಾಕಿ ದುಡಿಸುತ್ತಾರೆ. ಆ ದಿನಗಳಲ್ಲಿ ಏನಾದರೂ ಆದರೆ ನೌಕರರೇ ಅಲ್ಲ ಎನ್ನುತ್ತಾರೆ. ಪ್ರತಿ ಆದೇಶದ ಪ್ರತಿ ಮನೆಯಲ್ಲೂ ಒಂದಿರಲಿ. ಮತ್ತೊಂದು, ಸಾವಿನ ಪರಿಹಾರವನ್ನು ಮಾಲೀಕರು ಪರಿಹಾರ ತೀರ್ಮಾನಿಸುವ ಅಧಿಕಾರಿಯ ಬಳಿ ಠೇವಣಿ ಇಡಬೇಕು. ಛಾಪಾ ಕಾಗದದ ಮೇಲೆ ಸಹಿ ಹಾಕಿಸಿಕೊಂಡು ಕೈಗೆ ಕೊಟ್ಟ ಹಣದಿಂದ ಹೊಣೆ ತೀರುವುದಿಲ್ಲ, ಹಾಗೆ ಸಹಿ ಹಾಕಿದವರೂ ಅರ್ಜಿ ಹಾಕಬಹುದು. ಗಡುವು ಎರಡು ವರ್ಷ.

ಮೇ 21ರಂದು ಮೂಲೆಯಲ್ಲೊಂದು ಮೇಜು ಹಾಕಿ, ಪಿಎಫ್ ಪೋರ್ಟಲ್ ಬಲ್ಲವರೊಬ್ಬರನ್ನು ಲ್ಯಾಪ್‌ಟಾಪ್ ಸಮೇತ ಕೂರಿಸಿ. ಒಬ್ಬೊಬ್ಬರಿಗೆ ಐದು ನಿಮಿಷ: ನಾಮಿನಿ ತುಂಬಿದೆಯೇ, ಮದುವೆಯಾದ ಮೇಲೆ ಬದಲಿಸಿದ್ದೀರಾ, ಆಧಾರಿನ ಹೆಸರಿಗೂ ಪಿಎಫ್ ಹೆಸರಿಗೂ ಇನಿಶಿಯಲ್ ಹೊಂದುತ್ತದೆಯೇ. ಈ ಇನಿಶಿಯಲ್ ಒಂದರಿಂದಲೇ ಎಷ್ಟೋ ಮನೆಗಳ ಅರ್ಜಿ ವಾಪಸ್ ಬರುತ್ತದೆ. ತಂದೆಯ ಹೆಸರು ಮುಂದಿದೆಯೋ ಹಿಂದಿದೆಯೋ ಅಷ್ಟಕ್ಕೇ.

ಉತ್ತರ 5: ಐಸಿಎನ್_ಕರಾವಳಿ

ಕಿಟ್ ವಿಷಯಕ್ಕೆ: ಅಭ್ಯಾಸಕ್ಕೆ ಹೊಸ ಕಿಟ್ ಒಡೆಯಬೇಡಿ. ಅವಧಿ ಮೀರಿದ ಕಿಟ್‌ಗಳನ್ನು ಸ್ಟೋರಿನವರಿಂದ ಬರಹದಲ್ಲಿ ಕೇಳಿ ಪಡೆದು, ಮೇಲೆ "ಅಭ್ಯಾಸಕ್ಕೆ" ಎಂದು ಮಾರ್ಕರಿನಲ್ಲಿ ಬರೆದುಬಿಡಿ, ಮತ್ತೆ ಬಳಕೆಗೆ ಸೇರಿಹೋಗಬಾರದು. 12 ಮಂದಿಗೆ ನಾಲ್ಕು ಗೌನ್ ಸಾಕು. ಕೆಂಪು ಬಣ್ಣ ಒರೆಸಿ ಮತ್ತೊಬ್ಬರು ಹಾಕಬಹುದು, ನಿಜವಾದ ಸೋಂಕು ಇಲ್ಲವಲ್ಲ. ಗ್ಲೌಸ್ ಮಾತ್ರ ಒಬ್ಬರಿಗೆ ಎರಡು ಜೊತೆಯಂತೆ 24 ಜೊತೆ. ಎನ್95 ಒಬ್ಬರಿಗೊಂದು, ಉಸಿರು ಬಿಟ್ಟು ನೋಡುವುದರಿಂದ ಹಂಚಿಕೊಳ್ಳುವಂತಿಲ್ಲ.

ನಿಜವಾಗಿ ಬಂದರೆ ಲೆಕ್ಕ ಹೀಗೆ ಹಾಕಿ: ಒಂದು ಪಾಳಿಯಲ್ಲಿ ನರ್ಸ್ ಎರಡು ಸಲ, ಡಾಕ್ಟರ್ ಒಮ್ಮೆ, ಗ್ರೂಪ್ ಡಿ ಒಮ್ಮೆ ಒಳಗೆ ಹೋದರೆ ನಾಲ್ಕು ಕಿಟ್, ಹರಿದದ್ದಕ್ಕೆ ಒಂದು ಹೆಚ್ಚು. ಪಾಳಿಗೆ ಐದು, ದಿನಕ್ಕೆ ಹದಿನೈದು. ದೊಡ್ಡಾಸ್ಪತ್ರೆಗೆ ಸಾಗಿಸುವವರೆಗೆ ಎರಡು ದಿನ ಎಂದಿಟ್ಟುಕೊಂಡು 30, ಅದರ ಜೊತೆ 108ರವರಿಗೆ ನಾಲ್ಕು. ಒಳಗೆ ಹೋಗುವ ಸಲಗಳನ್ನು ಕಡಿಮೆ ಮಾಡಿದರೆ ಕಿಟ್ಟೂ ಉಳಿಯುತ್ತದೆ, ಅಪಾಯವೂ ಇಳಿಯುತ್ತದೆ. ಮಾತ್ರೆ, ಐವಿ, ಬಿಪಿ, ಶೀಟ್ ಬದಲಿಸುವುದು ಎಲ್ಲ ಒಂದೇ ಸಲಕ್ಕೆ ಸೇರಿಸಿಕೊಳ್ಳಿ. ಈ 34 ಕಿಟ್‌ಗಳನ್ನು ಸ್ಟೋರಿನಲ್ಲಿ ಬೀಗ ಹಾಕಿಡಬೇಡಿ. ರಾತ್ರಿ 2 ಗಂಟೆಗೆ ಸ್ಟೋರ್ ಬೀಗದ ಕೈ ಊರಲ್ಲೇ ಇರುವುದಿಲ್ಲ. ಹತ್ತಾದರೂ ಕ್ಯಾಶುವಾಲಿಟಿಯ ಕಪಾಟಿನಲ್ಲಿರಲಿ, ಪ್ರತಿ ಪಾಳಿಯವರು ಎಣಿಸಿ ಒಪ್ಪಿಸಲಿ.

ಲ್ಯಾಬ್‌ನವರೂ ಇರುತ್ತಾರೆ ಎಂದಿರಿ. ಶಂಕಿತ ನಿಪಾ ಎಂದಾದರೆ ಸ್ಯಾಂಪಲ್ ತೆಗೆಯುವ ಮೊದಲೇ ಜಿಲ್ಲಾ ಸರ್ವೇಕ್ಷಣಾಧಿಕಾರಿಗಳಿಗೆ ಫೋನ್ ಹೋಗಬೇಕು. ಗಂಟಲಿನ ಸ್ವಾಬ್ ವಿಟಿಎಂ (ವೈರಸ್ ಕೆಡದಂತೆ ಸಾಗಿಸುವ ದ್ರವ) ನಳಿಕೆಯಲ್ಲಿ, ರಕ್ತ 5 ಮಿಲಿ, ಮೂತ್ರ 10 ಮಿಲಿ. ಬೆನ್ನುಹುರಿ ನೀರು ತೆಗೆಯುವುದು ದೊಡ್ಡಾಸ್ಪತ್ರೆಯ ಕೆಲಸ. ಮೂರು ಪದರದ ಪ್ಯಾಕಿಂಗ್, 2ರಿಂದ 8 ಡಿಗ್ರಿ ತಂಪು. ರಕ್ತವನ್ನು ಎಂದಿನಂತೆ ಸೆಂಟ್ರಿಫ್ಯೂಜಿಗೆ ಹಾಕಿ ಎಲ್ಲ ಟೆಸ್ಟೂ ಮಾಡುವುದು ಬೇಡ. ಮೊದಲು ವೈದ್ಯರನ್ನು ಕೇಳಿ, ತೀರ ಬೇಕಾದದ್ದನ್ನು ಮಾತ್ರ ಮಾಡಿ. ನಳಿಕೆ ಒಡೆದರೆ ಲ್ಯಾಬಿನವರಿಗೂ ಅಷ್ಟೇ ಅಪಾಯ.

ಇದೆಲ್ಲ ನಮಗೆ ಯಾಕೆ ಎಂದು ಯಾರಾದರೂ ಕೇಳಿದರೆ, 2023ರ ಸೆಪ್ಟೆಂಬರ್‌ನಲ್ಲಿ ಕೋಯಿಕ್ಕೋಡಿನಲ್ಲಿ ಮತ್ತೆ ನಿಪಾ ಕಂಡಾಗ ಕೊಡಗು, ದಕ್ಷಿಣ ಕನ್ನಡ, ಚಾಮರಾಜನಗರ, ಮೈಸೂರು ಜಿಲ್ಲೆಗಳಿಗೆ ಕಟ್ಟೆಚ್ಚರದ ಸುತ್ತೋಲೆ ಬಂದಿತ್ತು ಎಂದು ಹೇಳಿ. 2024ರ ಸೆಪ್ಟೆಂಬರ್‌ನಲ್ಲಿ ಮಲಪ್ಪುರಂನಲ್ಲಿ ನಿಪಾದಿಂದ ತೀರಿಕೊಂಡ 24 ವರ್ಷದ ಯುವಕ ಬೆಂಗಳೂರಿನಲ್ಲಿ ಓದುತ್ತಿದ್ದವನು.

ಬಾಗಿಲಿಗೆ ಅಂಟಿಸುವ ಹಾಳೆಯ ಕನ್ನಡ ಪಠ್ಯ ಬೇಕಿದ್ದರೆ ಹೇಳಿ, ಇಲ್ಲೇ ಹಾಕುತ್ತೇನೆ. ಹಾಳೆಯ ತುದಿಯಲ್ಲಿ "ಸಿಸ್ಟರ್ ಲಿನಿ, ಪೇರಾಂಬ್ರ, 2018" ಎಂದು ಸಣ್ಣಕ್ಷರದಲ್ಲಿ ಬರೆಯಿರಿ. ಲ್ಯಾಮಿನೇಷನ್ ಮಾಡಿಸಿ, ಇಲ್ಲದಿದ್ದರೆ ದ್ರಾವಣದಲ್ಲಿ ಒರೆಸುವಾಗ ತಿಂಗಳೊಳಗೆ ಅಕ್ಷರ ಅಳಿಸಿಹೋಗುತ್ತದೆ.

ಗಡಿ_ಕ್ಯಾಶುವಾಲಿಟಿ

ಪಠ್ಯ ದಯವಿಟ್ಟು ಹಾಕಿ ಸಿಸ್ಟರ್. ಅಂಬು ಬ್ಯಾಗಿನ ಫಿಲ್ಟರ್ ಬಗ್ಗೆ 108ರವರನ್ನು ಕೇಳಿದೆ, ಕಿಟ್‌ನಲ್ಲಿ ಇಲ್ಲವಂತೆ. ಇಂಡೆಂಟ್ ಬರೆಯುತ್ತಿದ್ದೇವೆ.